ಒಂದೆರಡು ಗಾಡಿಗಳ ಮಾಲೀಕರಿಗೆ, ಸಿಲ್ಲೋಡಿನಿಂದ

ಸಿಲ್ಲೋಡ್,
ಛತ್ರಪತಿ ಸಂಭಾಜಿನಗರ ಜಿಲ್ಲೆ

ಸರಕು ಗಾಡಿಯ ದುಡಿಮೆಯಲ್ಲಿ ಸಂಸಾರ ನಡೆಸುತ್ತಿರುವ ಮಾಲೀಕ ಬಂಧುಗಳೇ,

ಈ ಪತ್ರ ದೊಡ್ಡ ಟ್ರಾನ್ಸ್‌ಪೋರ್ಟ್ ಕಂಪನಿಗಳಿಗಲ್ಲ. ಟಾಟಾ ಏಸ್, ಪಿಕಪ್, 407, ಹೆಚ್ಚೆಂದರೆ ಒಂದು ಐಷರ್ ಇಟ್ಟುಕೊಂಡು, ಬೆಳಿಗ್ಗೆ ತಾವೇ ಸ್ಟೇರಿಂಗ್ ಹಿಡಿದು ರಾತ್ರಿ ತಾವೇ ಲೆಕ್ಕ ಬರೆಯುವ ನಿಮಗೆ. ಸಿಲ್ಲೋಡ್, ಸಂಭಾಜಿನಗರ, ನಾಸಿಕ್ ಕಡೆ ಬಂದು ನೆಲೆಸಿದ ಬೀದರ್, ಕಲಬುರಗಿ ಕಡೆಯವರಿಗೆ ಮೊದಲು. ಊರಲ್ಲೇ ಉಳಿದು ಇದೇ ಕಸುಬು ಮಾಡುತ್ತಿರುವವರಿಗೂ. ನಿಮ್ಮಂಥ ಕೆಲವರ ಲೆಕ್ಕಪತ್ರ, ಜಿಎಸ್‌ಟಿ ಕಾಗದ ನೋಡಿಕೊಡುವುದು ನನ್ನ ಕೆಲಸ. ಡೀಸೆಲ್, ಟೈರು, ಹಮಾಲಿ, ಸಾಲದ ಕಂತು ಇವುಗಳ ಸಾಲಿಗೆ ಈಚಿನ ವರ್ಷಗಳಲ್ಲಿ ಗೂಗಲ್ ಜಾಹೀರಾತು ಎಂಬ ಇನ್ನೊಂದು ಖರ್ಚು ಸೇರಿಕೊಂಡಿದೆ. ಡೀಸೆಲ್ ಬಿಲ್ಲನ್ನು ಎರಡೆರಡು ಸಲ ನೋಡುವ ನೀವು ಈ ಸಾಲನ್ನು ಮಾತ್ರ ನೋಡದೆ ದಾಟಿಬಿಡುತ್ತೀರಿ. ಲೀಟರಿಗೆ ಎಷ್ಟು ಕಿಲೋಮೀಟರ್ ಬಂತು ಎಂದು ಕೇಳುವವರು, ಈ ಹಣಕ್ಕೆ ಎಷ್ಟು ಬಾಡಿಗೆ ಬಂತು ಎಂದು ಕೇಳುವುದಿಲ್ಲ. ದಯವಿಟ್ಟು ಕೇಳಿ ಎಂದು ಬೇಡಿಕೊಳ್ಳಲಿಕ್ಕೇ ಬರೆಯುತ್ತಿದ್ದೇನೆ.

ಜಾಹೀರಾತೇ ಬೇಡ ಎಂಬುದು ನನ್ನ ಮಾತಲ್ಲ. ಯಾವ ಬಾಡಿಗೆಗೆ ಬೇಕು, ಯಾವುದಕ್ಕೆ ಬೇಡ ಎಂಬುದು ಮೊದಲು ಇತ್ಯರ್ಥವಾಗಲಿ. ಸಿಲ್ಲೋಡಿನ ಹಸಿಮೆಣಸಿನಕಾಯಿ ವ್ಯಾಪಾರಿ ಗಾಡಿ ಬೇಕಾದಾಗ ಗೂಗಲ್ ತೆರೆಯುವುದಿಲ್ಲ. ಹತ್ತಿ, ಮೆಕ್ಕೆಜೋಳದ ಕಾಲದಲ್ಲಿ ಮಾರುಕಟ್ಟೆ ಅಂಗಳದವರಿಗೆ ನಿಮ್ಮ ಮುಖ ಗೊತ್ತು, ಗಾಡಿ ಗೊತ್ತು, ಫೋನ್ ನಂಬರ್ ಬಾಯಿಪಾಠ. ಆ ಬಾಡಿಗೆ ನಂಬಿಕೆಯ ಮೇಲೆ ಬರುತ್ತದೆ. ಗೂಗಲ್‌ನಲ್ಲಿ ಹುಡುಕುವವರು ನಿಮ್ಮನ್ನು ಅರಿಯದವರು. ವಾಳೂಜ್ ಕೈಗಾರಿಕಾ ಪ್ರದೇಶಕ್ಕೆ ಕೆಲಸಕ್ಕೆ ಬಂದು ಮನೆ ಬದಲಿಸುವವರು, ಮರಾಠವಾಡಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ವರ್ಗವಾದ ಬ್ಯಾಂಕ್ ನೌಕರರು, ಅಂಗಡಿ ಖಾಲಿ ಮಾಡುವವರು, ಹಳೇ ಮನೆ ಕೆಡವಿ ಕಲ್ಲುಮಣ್ಣು ಸಾಗಿಸಬೇಕಾದವರು. ಜಾಹೀರಾತಿನ ಹಣ ಇವರನ್ನು ಮುಟ್ಟಲಿಕ್ಕೆ ಮಾತ್ರ. ಬೆಳೆ ಸಾಗಿಸುವ ಬಾಡಿಗೆಗೆಂದು ಸರ್ಚ್ ಜಾಹೀರಾತು ಹಾಕುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಈ ಜಾಹೀರಾತು ಒಂದು ಹರಾಜು. 2000ದ ಅಕ್ಟೋಬರ್‌ನಲ್ಲಿ ಆ್ಯಡ್‌ವರ್ಡ್ಸ್ ಎಂಬ ಹೆಸರಿನಲ್ಲಿ ಶುರುವಾಗಿ 2018ರಲ್ಲಿ ಗೂಗಲ್ ಆ್ಯಡ್ಸ್ ಎಂದಾಯಿತು, ತಿರುಳು ಬದಲಾಗಿಲ್ಲ. ಯಾರೋ ಒಬ್ಬರು ‘ಟೆಂಪೊ ಬಾಡಿಗೆಗೆ’ ಎಂದು ಹುಡುಕಿದ ಕ್ಷಣದಲ್ಲಿ, ಆ ಪದಕ್ಕೆ ಹಣ ಕಟ್ಟಲು ಒಪ್ಪಿದವರ ನಡುವೆ ಸವಾಲು ನಡೆಯುತ್ತದೆ. ನೀವು ಹೇಳಿದ ದರ, ನಿಮ್ಮ ಜಾಹೀರಾತು ಆ ಹುಡುಕಾಟಕ್ಕೆ ಎಷ್ಟು ಹೊಂದುತ್ತದೆ ಎಂಬುದು, ಎರಡೂ ಸೇರಿ ನಿಮ್ಮ ಸ್ಥಾನ ಗೊತ್ತಾಗುತ್ತದೆ. ಹುಡುಕಿದವರು ಜಾಹೀರಾತನ್ನು ಒತ್ತಿದರೆ ಹಣ ಹೋಯಿತು. ಒತ್ತಿದವರು ಬಾಡಿಗೆ ಕೊಟ್ಟರೇ, ಫೋನಾದರೂ ಮಾಡಿದರೇ ಎಂಬುದನ್ನು ನೋಡಿ ಯಾರೂ ಹಣ ವಾಪಸ್ ಕೊಡುವುದಿಲ್ಲ. ಅದೇ ಪದಕ್ಕೆ ದೊಡ್ಡ ಆ್ಯಪ್ ಕಂಪನಿಗಳೂ ಸವಾಲು ಕೂಗುತ್ತಿರುತ್ತವೆ. ದರದಲ್ಲಿ ನೀವು ಅವರನ್ನು ಗೆಲ್ಲಲಾರಿರಿ, ಗೆಲ್ಲಲು ಹೋಗಲೂಬಾರದು. ಬೇಡದ ಒತ್ತುಗಳನ್ನು ನಿಲ್ಲಿಸುವುದು ಮಾತ್ರ ಪೂರ್ತಿ ನಿಮ್ಮ ಕೈಯಲ್ಲಿದೆ.

ಕಾಗದದ ಮೇಲೆ ಲೆಕ್ಕ ಹಾಕೋಣ. ಇವು ತಿಳಿವಳಿಕೆಗಾಗಿ ಹಿಡಿದ ಅಂಕಿಗಳು, ನಿಮ್ಮವನ್ನು ನೀವು ಹಾಕಿಕೊಳ್ಳಿ. ಊರೊಳಗಿನ ಒಂದು ಮನೆ ಶಿಫ್ಟಿಂಗ್‌ನಲ್ಲಿ ಡೀಸೆಲ್, ಹಮಾಲಿ, ಕಂತಿನ ಪಾಲು ಎಲ್ಲ ಕಳೆದು 800 ರೂಪಾಯಿ ಉಳಿಯುತ್ತದೆ ಎನ್ನಿ. ಮೂವರು ಒತ್ತಿದರೆ ಒಬ್ಬರು ಫೋನ್ ಮಾಡುತ್ತಾರೆ, ನಾಲ್ವರು ಫೋನ್ ಮಾಡಿದರೆ ಒಬ್ಬರು ಬಾಡಿಗೆ ಕೊಡುತ್ತಾರೆ. ಅಂದರೆ ಒಂದು ಬಾಡಿಗೆಗೆ 12 ಒತ್ತು. ಒಂದಕ್ಕೆ 25 ರೂಪಾಯಿ ಹಿಡಿದರೆ 300, ಶೇ 18ರ ಜಿಎಸ್‌ಟಿ ಸೇರಿ 354. ಉಳಿಯುವುದು 446. ಈಗ ಒತ್ತಿದವರಲ್ಲಿ ಅರ್ಧ ಜನ ಬೇರೇನೋ ಹುಡುಕುತ್ತ ತಪ್ಪಿ ಬಂದವರು ಎಂದುಕೊಳ್ಳಿ. ಒಂದು ಬಾಡಿಗೆಗೆ 24 ಒತ್ತು, ತೆರಿಗೆ ಸೇರಿ 708. ದಿನವೆಲ್ಲ ಬೀರು, ಮಂಚ, ಫ್ರಿಜ್ ಹೊತ್ತಿಳಿಸಿದ್ದಕ್ಕೆ ನಿಮಗೆ ಸಿಕ್ಕಿದ್ದು 92 ರೂಪಾಯಿ. ಜಿಎಸ್‌ಟಿ ನೋಂದಣಿ ಇಲ್ಲದವರಿಗೂ, ಇದ್ದು ಹೂಡುವಳಿ ತೆರಿಗೆಯ ಜಮೆ ಪಡೆಯದವರಿಗೂ ಆ ಶೇ 18 ಪೂರ್ತಿ ಖರ್ಚೇ ಎಂಬುದನ್ನು ಮರೆಯಬೇಡಿ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ನಿಮ್ಮ ಜಾಹೀರಾತು ಖಾತೆಯಲ್ಲಿ ‘ಸರ್ಚ್ ಟರ್ಮ್ಸ್’ ಎಂಬ ಒಂದು ಪುಟವಿದೆ. ನೀವು ಕೊಟ್ಟ ಪದಗಳು ಬೇರೆ. ಜನ ನಿಜವಾಗಿ ಬೆರಳಿಂದ ಟೈಪ್ ಮಾಡಿ ನಿಮ್ಮ ಜಾಹೀರಾತಿನ ಮೇಲೆ ಒತ್ತಿದ ಪದಗಳು ಬೇರೆ. ಆ ಎರಡನೆಯದು ಈ ಪುಟದಲ್ಲಿರುತ್ತದೆ. 2020ರ ಸೆಪ್ಟೆಂಬರ್‌ನಿಂದ ತೀರ ಕಡಿಮೆ ಜನ ಹುಡುಕಿದ ಪದಗಳನ್ನು ಗೂಗಲ್ ಅಲ್ಲಿ ತೋರಿಸುತ್ತಿಲ್ಲ, ಆದರೂ ಕಾಣುವಷ್ಟು ಸಾಕು. ಮಾಲೀಕರ ಪಕ್ಕದಲ್ಲಿ ಕುಳಿತು ಆ ಪುಟವನ್ನು ಗಟ್ಟಿಯಾಗಿ ಓದಿದಾಗಲೆಲ್ಲ ಅವರ ಮುಖ ಬಣ್ಣಗೆಡುವುದನ್ನು ಕಂಡಿದ್ದೇನೆ. ‘ಟೆಂಪೊ’ ಎಂಬ ಪದಕ್ಕೆ ಹಣ ಕಟ್ಟಿರುತ್ತೀರಿ. ನಮ್ಮ ಸಿಲ್ಲೋಡ್ ಇರುವುದು ಸಂಭಾಜಿನಗರದಿಂದ ಅಜಂತಾ ಗುಹೆಗಳಿಗೆ ಹೋಗುವ ಹೆದ್ದಾರಿಯ ಮೇಲೆ. ಅಜಂತಾ, ವೇರೂಳ, ಶಿರಡಿ ನೋಡಲು ಹೊರಟ ಕುಟುಂಬ ‘ಟೆಂಪೊ ಟ್ರಾವೆಲರ್’ ಎಂದು ಹುಡುಕುತ್ತದೆ. ಕಣ್ಣಿಗೆ ಬಿದ್ದ ನಿಮ್ಮ ಜಾಹೀರಾತನ್ನು ಒತ್ತುತ್ತದೆ. ಸರಕಿನ ಗಾಡಿ ಎಂದು ಕಂಡು ಹಿಂದಿರುಗುತ್ತದೆ. ಅವರ ತಪ್ಪಿಲ್ಲ. ಹಣ ಮಾತ್ರ ನಿಮ್ಮದು.

ಆ ಪುಟದಲ್ಲಿ ಮತ್ತೇನು ಸಿಗುತ್ತದೆ? ಹಳೇ ಟಾಟಾ ಏಸ್ ಬೆಲೆ ಕೇಳುವವರು. ‘ಛೋಟಾ ಹಾಥಿ’ಯ ಮೈಲೇಜ್ ಕೇಳುವವರು. ಗಾಡಿ ಸಾಲ ಹುಡುಕುವವರು. ಡ್ರೈವರ್ ಕೆಲಸ ಬೇಕೆಂದು ಹುಡುಕುವ ನಿರುದ್ಯೋಗಿ ಹುಡುಗರು. ‘ಟ್ರಾನ್ಸ್‌ಪೋರ್ಟ್’ ಎಂದು ಬರೆದು ಆರ್‌ಟಿಒ ಕಚೇರಿಯನ್ನೋ ಎಸ್‌ಟಿ ಬಸ್ಸಿನ ವೇಳೆಯನ್ನೋ ಹುಡುಕುವವರು. ದೊಡ್ಡ ಪಾರ್ಸೆಲ್ ಕಂಪನಿಯ ಹೆಸರು ಬರೆದು ತಮ್ಮ ಎಲ್‌ಆರ್ ನಂಬರಿನ ಸರಕು ಎಲ್ಲಿಗೆ ಬಂತು ಎಂದು ನೋಡಬೇಕಾದವರು. ಲಾರಿ ಓಡಿಸುವ ಮೊಬೈಲ್ ಆಟ ಬೇಕಾದ ಮಕ್ಕಳು. ಇವರಲ್ಲಿ ಒಬ್ಬರೂ ನಿಮ್ಮ ಗಿರಾಕಿ ಅಲ್ಲ.

ಇದಕ್ಕೆ ಮದ್ದು ‘ನೆಗೆಟಿವ್ ಕೀವರ್ಡ್’. ಈ ಪದ ಇದ್ದರೆ ನನ್ನ ಜಾಹೀರಾತು ತೋರಿಸಬೇಡ ಎಂದು ಹೇಳುವ ಪಟ್ಟಿ ಅದು. ಟ್ರಾವೆಲರ್, ಸೀಟರ್, ಟೂರ್, ಕೆಲಸ, ಡ್ರೈವರ್, ಬೆಲೆ, ಸೆಕೆಂಡ್ ಹ್ಯಾಂಡ್, ಸಾಲ, ಮೈಲೇಜ್, ಟ್ರ್ಯಾಕಿಂಗ್, ಆರ್‌ಟಿಒ, ಬಸ್, ಗೇಮ್ ಎಂದು ಶುರುಮಾಡಿ. ಈ ಪಟ್ಟಿ ಸಮಾನಾರ್ಥಕ ಪದಗಳನ್ನು ತಾನಾಗಿ ಹಿಡಿಯುವುದಿಲ್ಲ. ಡ್ರೈವರ್ ಎಂದು ತಡೆದರೆ ‘ಚಾಲಕ್’ ತಡೆಯಲಿಲ್ಲ. ಕೆಲಸ ಎಂದರೆ ‘ನೋಕರಿ’ ತಡೆಯಲಿಲ್ಲ. ನಮ್ಮ ಈ ಭಾಗ 1956ರವರೆಗೆ ಬೀದರ್, ಕಲಬುರಗಿ, ರಾಯಚೂರುಗಳ ಜೊತೆ ಒಂದೇ ಹೈದರಾಬಾದ್ ರಾಜ್ಯದಲ್ಲಿತ್ತು. ಇಲ್ಲಿನ ಜನ ಮರಾಠಿ, ದಖನಿ, ಹಿಂದಿ, ಇಂಗ್ಲಿಷ್ ಎಲ್ಲ ಬೆರೆಸಿ ಮಾತಾಡಿದಂತೆಯೇ ಹುಡುಕುತ್ತಾರೆ, ಎಷ್ಟೋ ಮಂದಿ ಮರಾಠಿಯನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ. ಹಾಗಾಗಿ ಒಂದೊಂದು ಬೇಡದ ಪದವನ್ನೂ ಆಯಾ ಭಾಷೆಯಲ್ಲಿ, ಆಯಾ ಲಿಪಿಯಲ್ಲಿ ಬೇರೆಬೇರೆಯಾಗಿ ಸೇರಿಸಬೇಕು. ಬೆಂಗಳೂರಿನಲ್ಲೋ ಮುಂಬೈಯಲ್ಲೋ ಕುಳಿತ ಏಜೆಂಟನಿಗೆ ಈ ಪದಗಳು ಹೊಳೆಯುವುದಿಲ್ಲ. ದಿನಾ ಫೋನಿನಲ್ಲಿ ಗಿರಾಕಿಯ ಮಾತು ಕೇಳುವ ನಿಮಗೆ ಹೊಳೆಯುತ್ತವೆ. ಈ ಕೆಲಸ ನೀವೇ ಮಾಡಿ ಎಂದು ನಾನು ಹಟ ಹಿಡಿಯುವುದು ಅದಕ್ಕಾಗಿ.

ನೀವು ಕೊಡುವ ಪದಗಳ ವಿಷಯದಲ್ಲೂ ಒಂದು ಎಚ್ಚರ. ಏನೂ ಹೇಳದೆ ಪದ ಕೊಟ್ಟರೆ ಗೂಗಲ್ ಅದನ್ನು ‘ಬ್ರಾಡ್ ಮ್ಯಾಚ್’ ಎಂದು ತೆಗೆದುಕೊಂಡು, ತನಗೆ ಸಂಬಂಧವಿದೆ ಎನಿಸಿದ ಎಲ್ಲ ಹುಡುಕಾಟಕ್ಕೂ ತೋರಿಸುತ್ತದೆ. ತಿಂಗಳಿಗೆ ಲಕ್ಷಗಟ್ಟಲೆ ಖರ್ಚು ಮಾಡುವ ಕಂಪನಿಗೆ ಅದರಿಂದ ಲಾಭವಿರಬಹುದು. ಸಣ್ಣ ಚೀಲದವರು ಪದವನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು ‘ಫ್ರೇಸ್ ಮ್ಯಾಚ್’ ಮಾಡುವುದು, ಇಲ್ಲವೇ ಚೌಕ ಆವರಣದೊಳಗೆ ಇಟ್ಟು ‘ಎಕ್ಸಾಕ್ಟ್ ಮ್ಯಾಚ್’ ಮಾಡುವುದು ಕ್ಷೇಮ. ‘ಸಿಲ್ಲೋಡ್ ಟೆಂಪೊ ಬಾಡಿಗೆ’, ‘ಮನೆ ಸಾಮಾನು ಶಿಫ್ಟಿಂಗ್ ಸಂಭಾಜಿನಗರ’, ಇಂಥ ಹತ್ತು ಹದಿನೈದು ಪದ ಸಾಕು.

ಸ್ಥಳದ ಸಂಗತಿಗೆ ಸ್ವಲ್ಪ ಹೆಚ್ಚು ಹೊತ್ತು ಕೊಡಿ, ನಮ್ಮ ಭಾಗದಲ್ಲಿ ಅದು ವಿಚಿತ್ರವಾಗಿ ತೊಡಕಿನದು. ಔರಂಗಾಬಾದ್ ನಗರ 2023ರಲ್ಲಿ ಅಧಿಕೃತವಾಗಿ ಛತ್ರಪತಿ ಸಂಭಾಜಿನಗರವಾಯಿತು. ಜನ ಎರಡೂ ಹೆಸರಲ್ಲಿ ಹುಡುಕುತ್ತಾರೆ, ಆದ್ದರಿಂದ ಎರಡೂ ಹೆಸರು ನಿಮ್ಮ ಪಟ್ಟಿಯಲ್ಲಿರಬೇಕು. ಆದರೆ ಬಿಹಾರದಲ್ಲಿ ಇನ್ನೊಂದು ಔರಂಗಾಬಾದ್ ಇದೆ, ಅದೂ ಜಿಲ್ಲಾ ಕೇಂದ್ರ. ಬಿಹಾರದಿಂದ ಟೆಂಪೊ ಕೇಳಿ ಫೋನ್ ಬಂತು ಎಂದು ಒಬ್ಬ ಮಾಲೀಕರು ನನಗೆ ಹೇಳಿದ್ದು ಇದೇ ಕಾರಣಕ್ಕೆ. ಸಿಲ್ಲೋಡಿನ ಪಕ್ಕದ ತಾಲ್ಲೂಕಿನ ಹೆಸರೇ ಕನ್ನಡ್. ಮರಾಠಿಯಲ್ಲಿ ಆ ಊರನ್ನೂ ನಮ್ಮ ಭಾಷೆಯನ್ನೂ ಒಂದೇ ರೀತಿ ಬರೆಯುತ್ತಾರೆ. ಆ ಊರಿಗೆ ಬಾಡಿಗೆ ಹೋಗುವವರು ಬರೀ ಊರಿನ ಹೆಸರನ್ನು ಕೀವರ್ಡ್ ಮಾಡಿಕೊಂಡರೆ ಕನ್ನಡ ಹಾಡು, ಕನ್ನಡ ಸಿನಿಮಾ ಹುಡುಕುವವರ ಮುಂದೆಯೂ ನಿಮ್ಮ ಗಾಡಿ ನಿಲ್ಲಬಹುದು. ಕರ್ನಾಟಕದಲ್ಲಿರುವ ಬಂಧುಗಳೂ ಇದನ್ನು ಗಮನಿಸಿ. 2014ರ ನವೆಂಬರ್ 1ರಂದು 12 ಊರುಗಳ ಹೆಸರು ಬದಲಾದವು. ವಿಜಯಪುರದವರು ಹಳೆಯ ಬಿಜಾಪುರವನ್ನು ಪಟ್ಟಿಯಲ್ಲಿ ಇಟ್ಟುಕೊಂಡರೆ ಛತ್ತೀಸಗಡದ ಬಿಜಾಪುರ ಬರುತ್ತದೆ; ಹೊಸ ಹೆಸರಿಟ್ಟರೆ ದೇವನಹಳ್ಳಿ ಹತ್ತಿರದ ವಿಜಯಪುರ ಬರುತ್ತದೆ.

ಇದೆಲ್ಲಕ್ಕೂ ಒಂದೇ ಗುಂಡಿಯಲ್ಲಿ ಬಹುಪಾಲು ಪರಿಹಾರವಿದೆ. ಸ್ಥಳದ ಆಯ್ಕೆಯ ಕೆಳಗೆ, ಸುಲಭವಾಗಿ ಕಣ್ಣಿಗೆ ಬೀಳದ ಜಾಗದಲ್ಲಿ, ಜಾಹೀರಾತು ಯಾರಿಗೆ ತೋರಿಸಬೇಕು ಎಂಬ ಪ್ರಶ್ನೆ ಇರುತ್ತದೆ. ಆ ಸ್ಥಳದಲ್ಲಿ ಇರುವವರಿಗೆ ಮತ್ತು ಆ ಸ್ಥಳದಲ್ಲಿ ಆಸಕ್ತಿ ತೋರಿಸಿದವರಿಗೆ, ಎಂಬುದು ಮೊದಲೇ ಆರಿಸಿಟ್ಟ ಉತ್ತರ. ಅಂದರೆ ದಿಲ್ಲಿಯಲ್ಲಿ ಕುಳಿತು ಅಜಂತಾ ಪ್ರವಾಸದ ಬಗ್ಗೆ ಓದುತ್ತಿರುವವರೂ ಆಸಕ್ತರ ಲೆಕ್ಕಕ್ಕೆ ಬರಬಹುದು. ಅದನ್ನು ‘ಪ್ರೆಸೆನ್ಸ್’ ಎಂದು, ಅಲ್ಲಿ ಇರುವವರಿಗೆ ಮಾತ್ರ ಎಂದು ಬದಲಿಸಿ. ಪುಣೆಯಲ್ಲಿರುವ ಮಗ ಸಿಲ್ಲೋಡಿನ ತಂದೆತಾಯಿಯ ಸಾಮಾನು ತರಿಸಿಕೊಳ್ಳಲು ಹುಡುಕಿದರೆ ಅವನನ್ನು ಕಳೆದುಕೊಳ್ಳುವುದಿಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅವನಿಗಾಗಿ ‘ಸಿಲ್ಲೋಡಿನಿಂದ ಪುಣೆಗೆ’ ಎಂಬಂಥ ಎರಡು ಊರಿನ ಪದಗಳನ್ನಷ್ಟೇ ಇಟ್ಟು ಪುಣೆಗೆ ಬೇರೆಯೇ ಒಂದು ಚಿಕ್ಕ ಕ್ಯಾಂಪೇನ್ ಮಾಡಿ.

ನಾಸಿಕ್ ಕಡೆ ಲೋಡ್ ಒಯ್ಯುವವರಿಗೂ ಇದೇ ಉಪಾಯ ಒದಗುತ್ತದೆ. ಅಂಬಡ್, ಸಾತ್ಪುರ ಕೈಗಾರಿಕಾ ಪ್ರದೇಶಕ್ಕೋ ಲಾಸಲ್‌ಗಾಂವ್ ಕಡೆಗೋ ಹೋಗಿ ಖಾಲಿ ವಾಪಸ್ ಬರುವ ಗಾಡಿ ಎಷ್ಟು ನಷ್ಟ ಎಂದು ನಿಮಗೆ ನಾನು ಹೇಳಬೇಕಿಲ್ಲ. ನಾಸಿಕ್‌ಗೆಂದು ಒಂದು ಪ್ರತ್ಯೇಕ ಕ್ಯಾಂಪೇನ್ ಮಾಡಿ ಮುಚ್ಚಿಡಿ. ಅಲ್ಲಿಗೆ ಲೋಡ್ ಗೊತ್ತಾದ ದಿನ ತೆರೆಯಿರಿ, ವಾಪಸ್ ಲೋಡ್ ಸಿಕ್ಕ ಕೂಡಲೇ ಮುಚ್ಚಿ. ವರ್ಷಪೂರ್ತಿ ನಾಸಿಕ್‌ನಲ್ಲಿ ಜಾಹೀರಾತು ಬಿಟ್ಟಿರುವ ಸಿಲ್ಲೋಡಿನ ಮಾಲೀಕರನ್ನು ಕಂಡಿದ್ದೇನೆ. ಫೋನ್ ಬಂದಾಗ ಅವರ ಗಾಡಿ ಇಲ್ಲಿ ಮೆಣಸಿನಕಾಯಿ ತುಂಬುತ್ತಿರುತ್ತದೆ.

ಉಳಿದ ಸಣ್ಣ ಗುಂಡಿಗಳನ್ನು ಬೇಗ ಹೇಳಿಬಿಡುತ್ತೇನೆ. ಸರ್ಚ್ ಕ್ಯಾಂಪೇನ್ ಮಾಡುವಾಗ ‘ಡಿಸ್‌ಪ್ಲೇ ನೆಟ್‌ವರ್ಕ್’, ‘ಸರ್ಚ್ ಪಾರ್ಟ್‌ನರ್ಸ್’ ಎಂಬ ಎರಡು ಚೌಕಗಳಲ್ಲಿ ಗುರುತು ಬಿದ್ದಿದ್ದರೆ ತೆಗೆಯಿರಿ. ಮೊದಲನೆಯದು ನಿಮ್ಮ ಜಾಹೀರಾತನ್ನು ಏನನ್ನೂ ಹುಡುಕದವರ ಮುಂದೆ, ಬೇರೆ ತಾಣಗಳಲ್ಲಿ, ಆ್ಯಪ್‌ಗಳಲ್ಲಿ ತೋರಿಸುತ್ತದೆ. ಶಿಫಾರಸುಗಳನ್ನು ತಾನಾಗಿ ಜಾರಿಮಾಡುವ ‘ಆಟೊ ಅಪ್ಲೈ’ ನಿಲ್ಲಿಸಿ. ದಿನಕ್ಕೆ 300 ರೂಪಾಯಿ ಎಂದು ಬರೆದರೆ ಯಾವ ದಿನವೂ 300 ದಾಟದು ಎಂದು ತಿಳಿಯಬೇಡಿ. ಒಂದು ದಿನ ಅದರ ಎರಡರಷ್ಟು, 600ರವರೆಗೆ ಹೋಗಬಹುದು, ತಿಂಗಳಿಗೆ 30.4 ಪಟ್ಟು, ಅಂದರೆ 9,120 ದಾಟುವುದಿಲ್ಲ. ತೆರಿಗೆ ಬೇರೆ.

ಫೋನಿನ ವಿಷಯ ಹೇಳುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಜಾಹೀರಾತು ಬೆಳಗಿನಿಂದ ಮಧ್ಯರಾತ್ರಿವರೆಗೆ ಓಡುತ್ತಿರುತ್ತದೆ. ನೀವು ಘಾಟಿನಲ್ಲಿ ಲೋಡ್ ಗಾಡಿ ಇಳಿಸುತ್ತಿರುತ್ತೀರಿ. ಫೋನ್ ರಿಂಗಾಗುತ್ತದೆ, ಎತ್ತಿದರೆ ಜೀವಕ್ಕೆ ಅಪಾಯ, ಕಾನೂನಿಗೂ ಅಪರಾಧ, ಎತ್ತದಿದ್ದರೆ ಹಣ ಕೊಟ್ಟು ತರಿಸಿಕೊಂಡ ಗಿರಾಕಿ ಮುಂದಿನ ನಂಬರಿಗೆ ಹೋದ. ದಯವಿಟ್ಟು ಕೇಳಿ, ಈ ಹಣ ಉಳಿಸಲೆಂದು ಓಡುವ ಗಾಡಿಯಲ್ಲಿ ಫೋನ್ ಎತ್ತಬೇಡಿ. ಬದಲಿಗೆ ಜಾಹೀರಾತಿಗೆ ವೇಳಾಪಟ್ಟಿ ಹಾಕಿ. ನೀವು ಸ್ಟ್ಯಾಂಡಿನಲ್ಲಿ ಇರುವ ಹೊತ್ತು, ಅಥವಾ ಮನೆಯಲ್ಲಿ ಫೋನ್ ಎತ್ತಿ ದರ ಹೇಳಬಲ್ಲವರು ಇರುವ ಹೊತ್ತು ಮಾತ್ರ ಅದು ಓಡಲಿ. ನಾನು ಕಂಡ ಮನೆಗಳಲ್ಲಿ ಹೆಂಡತಿ ಫೋನ್ ಹಿಡಿದು, ಎಷ್ಟನೇ ಮಹಡಿ, ಲಿಫ್ಟ್ ಇದೆಯೇ, ಗೋದ್ರೇಜ್ ಬೀರು ಎಷ್ಟು ಎಂದು ಕೇಳಿ ಬರೆದುಕೊಳ್ಳುವ ಕಡೆ ಬಾಡಿಗೆ ಹೆಚ್ಚು ಕುದುರುತ್ತದೆ. ಆಕೆಯ ದುಡಿಮೆಗೂ ಲೆಕ್ಕದಲ್ಲಿ ಒಂದು ಸಾಲು ಇರಲಿ.

ಇನ್ನು ಖಾತೆಯ ಒಡೆತನ. ಒಬ್ಬ ಮಾಲೀಕರು ಜಾಹೀರಾತು ನೋಡಿಕೊಳ್ಳಲು ಒಬ್ಬ ಏಜೆಂಟನಿಗೆ ತಿಂಗಳು ತಿಂಗಳು ಹಣ ಕೊಡುತ್ತಿದ್ದರು. ಎಷ್ಟು ಗೂಗಲ್‌ಗೆ ಹೋಯಿತು, ಎಷ್ಟು ಏಜೆಂಟನ ಶುಲ್ಕ ಎಂದು ಕೇಳಿದರೆ ಉತ್ತರವಿಲ್ಲ. ಖಾತೆ ಏಜೆಂಟನ ಹೆಸರಿನಲ್ಲಿತ್ತು, ಸರ್ಚ್ ಟರ್ಮ್ಸ್ ಪುಟ ಮಾಲೀಕರಿಗೆ ಕಾಣುತ್ತಲೇ ಇರಲಿಲ್ಲ. ಬಿಟ್ಟು ಬಂದಾಗ ಅಷ್ಟು ಕಾಲದ ದಾಖಲೆಯೂ ಹೋಯಿತು. ಹೀಗಾಗಬಾರದು. ಖಾತೆ ನಿಮ್ಮ ಇಮೇಲ್‌ನಲ್ಲಿ, ನೀವೇ ಅಡ್ಮಿನ್ ಆಗಿ, ನಿಮ್ಮ ಹೆಸರಿನ ಬಿಲ್ಲಿನೊಂದಿಗೆ ಇರಲಿ. ನಂಬಿಕಸ್ಥ ಏಜೆಂಟ್ ತನ್ನ ಮ್ಯಾನೇಜರ್ ಖಾತೆಯಿಂದ ಅದಕ್ಕೆ ಸೇರಿಕೊಂಡು ಕೆಲಸ ಮಾಡಬಲ್ಲ. ಅದಕ್ಕೆ ವ್ಯವಸ್ಥೆ ಇದೆ. ಒಪ್ಪದವನಿಗೆ ಕೈಮುಗಿದು ಕಳಿಸಿ.

ನಿಮ್ಮದೇ ಹೆಸರಿಗೆ ನೀವು ಹಣ ಕಟ್ಟುತ್ತಿದ್ದೀರಾ ಎಂಬುದನ್ನೂ ನೋಡಿ. ಗಾಡಿಯ ಹಿಂದೆ ಬರೆಸಿದ ನಿಮ್ಮ ಹೆಸರನ್ನು ನೆನಪಿಟ್ಟು ಹುಡುಕುವವರು ಹೇಗಿದ್ದರೂ ನಿಮ್ಮನ್ನು ತಲುಪುತ್ತಾರೆ. ಅಮೆರಿಕದ ಇಬೇ ಕಂಪನಿ 2012ರಲ್ಲಿ ತನ್ನ ಹೆಸರಿನ ಪದಗಳಿಗೆ ಜಾಹೀರಾತು ನಿಲ್ಲಿಸಿ ಪರೀಕ್ಷಿಸಿತು. ಹಣ ಕೊಟ್ಟು ಬರುತ್ತಿದ್ದವರಲ್ಲಿ ಬಹುತೇಕ ಎಲ್ಲರೂ ಕೆಳಗಿನ ಉಚಿತ ಕೊಂಡಿಯಿಂದಲೇ ಬಂದರು. ಬ್ಲೇಕ್, ನೋಸ್ಕೊ, ತಡೆಲಿಸ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಆ ಪ್ರಯೋಗವನ್ನು 2015ರಲ್ಲಿ ‘ಇಕಾನೊಮೆಟ್ರಿಕಾ’ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ನಿಮ್ಮ ಉಚಿತ ಕೊಂಡಿ ಎಂದರೆ ಗೂಗಲ್ ಬಿಸಿನೆಸ್ ಪ್ರೊಫೈಲ್. ಅದಕ್ಕೆ ಒಂದು ಪೈಸೆ ಇಲ್ಲ. ಅಂಗಡಿ ಇಲ್ಲದಿದ್ದರೆ ಮನೆ ವಿಳಾಸ ಮುಚ್ಚಿಟ್ಟು, ನೀವು ಹೋಗುವ ಊರುಗಳನ್ನು 20ರವರೆಗೆ ಸೇವಾ ಪ್ರದೇಶವಾಗಿ ಹೆಸರಿಸಬಹುದು. ಗಾಡಿಯ ನಿಜವಾದ ಫೋಟೊ ಹಾಕಿ. ಸಾಮಾನು ಇಳಿಸಿ ಹಣ ಎಣಿಸಿಕೊಳ್ಳುವ ಹೊತ್ತಿನಲ್ಲೇ, ಎರಡು ಸಾಲು ಅಭಿಪ್ರಾಯ ಬರೆಯಿರಿ ಎಂದು ಗಿರಾಕಿಯನ್ನು ಕೇಳಿ. ಜಾಹೀರಾತಿಗೆ ಹಣ ಹಾಕುವ ಮೊದಲೇ ಇದು ಆಗಬೇಕಿತ್ತು. ಎಷ್ಟೋ ಕಡೆ ಇನ್ನೂ ಆಗಿಲ್ಲ.

ಮನೆಯಲ್ಲಿ ಓದುವ ಮಕ್ಕಳಿದ್ದಾರೆ. ಅವರಿಗೂ ಒಂದು ಮಾತು. ಮಕ್ಕಳೇ, ವಾರಕ್ಕೊಮ್ಮೆ ಅರ್ಧ ಗಂಟೆ ಅಪ್ಪನ ಪಕ್ಕ ಕುಳಿತು ಆ ‘ಸರ್ಚ್ ಟರ್ಮ್ಸ್’ ಪುಟವನ್ನು ಓದಿ ಹೇಳಿ. ಅದು ಇಂಗ್ಲಿಷಿನಲ್ಲಿರುತ್ತದೆ ಎಂಬ ಒಂದೇ ಕಾರಣಕ್ಕೆ ಅವರು ಅದನ್ನು ತೆರೆಯುವುದಿಲ್ಲ. ಯಾವ ಪದ ಗಿರಾಕಿಯದು, ಯಾವುದು ಅಲ್ಲ ಎಂಬ ತೀರ್ಮಾನ ಅವರದೇ ಇರಲಿ. ಆ ವಿದ್ಯೆ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು.

ಮಾಲೀಕರಲ್ಲಿ ನನ್ನ ಕೋರಿಕೆ ಇಷ್ಟು. ಈ ತಿಂಗಳು ಜಾಹೀರಾತಿನ ಮೊತ್ತ ಏರಿಸಬೇಡಿ, ಇಳಿಸಲೂ ಬೇಡಿ. ಸ್ಥಳದ ಗುಂಡಿ ಬದಲಿಸಿ, ಬೇಡದ ಪದಗಳ ಪಟ್ಟಿ ಶುರುಮಾಡಿ, ಫೋನ್ ಮಾಡಿದ ಪ್ರತಿಯೊಬ್ಬರನ್ನೂ ‘ನಂಬರ್ ಎಲ್ಲಿ ಸಿಕ್ಕಿತು’ ಎಂದು ಕೇಳಿ ಡೈರಿಯಲ್ಲಿ ಬರೆಯಿರಿ. ತಿಂಗಳ ಕೊನೆಗೆ ಡೈರಿಯನ್ನೂ ಬಿಲ್ಲನ್ನೂ ಎದುರುಬದುರು ಇಟ್ಟು ನೋಡಿ, ಒಂದು ಬಾಡಿಗೆಗೆ ಎಷ್ಟು ಬಿತ್ತು ಎಂದು ತಿಳಿದ ಮೇಲೆ ಮೊತ್ತದ ತೀರ್ಮಾನ ಮಾಡಿ. ಒಬ್ಬರೇ ಮಾಡಲು ಅಳುಕಿದ್ದರೆ ಸಿಲ್ಲೋಡಿನ ಸುತ್ತಮುತ್ತಲಿನವರು ನನ್ನ ಬಳಿಗೆ ಬರಬಹುದು. ಕನ್ನಡದಲ್ಲೇ ಕುಳಿತು ನೋಡೋಣ, ಶುಲ್ಕವಿಲ್ಲ. ಬರುವಾಗ ಫೋನಿನ ಜೊತೆ ಕಳೆದ ತಿಂಗಳ ಬಾಡಿಗೆ ಡೈರಿಯನ್ನೂ ತನ್ನಿ.

ಇತಿ,
ತಮ್ಮ ಹಿತೈಷಿ,
ಸಿಲ್ಲೋಡಿನಲ್ಲಿ ಸಾಗಣೆ ಮಾಲೀಕರ ಲೆಕ್ಕಪತ್ರ ನೋಡುವ ಒಬ್ಬ ಕನ್ನಡತಿ